ಬದಲಿಗೆ ನಿಂತ ಮರ

ಹಾಗಾದರೆ ತಾನು ಈಗಲೂ ಬೇಬಿಯ ಗಂಡ.

ಕಾರ್ಕಳದ ಕೋರ್ಟಿನ ಜಗಲಿಯಲ್ಲಿ ನಿಂತು ಯೋಗೀಶ್ ಈ ಮಾತನ್ನು ಮನಸ್ಸಿನೊಳಗೇ ಒಮ್ಮೆ ಹೇಳಿ ನೋಡಿದ. ನಗು ಬರಬೇಕಿತ್ತು. ಬರಲಿಲ್ಲ.

"ಹುಡುಕಿಸಿದ್ದಾಯಿತು ಸರ್," ಎಂದ ವಕೀಲ ರೂಪೇಶ್. ಮಣಿಪಾಲದ ಕಾಲೇಜಿನಲ್ಲಿ ಯೋಗೀಶನ ಪಾಠ ಕೇಳಿದವನು. ಈಗ ಕಪ್ಪು ಕೋಟಿನೊಳಗೆ ಬೆವರುತ್ತಿದ್ದ. "ನಿಮ್ಮ ಹೆಸರಿನಲ್ಲಿ ವಿಚ್ಛೇದನದ ಕೇಸೇ ಇಲ್ಲ. ಹಾಕದ ಕೇಸಿಗೆ ತೀರ್ಪು ಎಲ್ಲಿಂದ ಬರುವುದು?"

"ಬಿಡುಗಡೆ ಆಗಿದೆ. ಊರಿನಲ್ಲಿ. ಎಲ್ಲರ ಎದುರು."

"ನೀವು ಇದ್ರಾ?"

ಯೋಗೀಶ್ ಕನ್ನಡಕ ತೆಗೆದು ಒರೆಸಿದ. "ನನ್ನ ಬದಲಿಗೆ ಮರ ಇತ್ತು."

ಅವರ ಕಡೆಯ ಹಳಬರ ಕ್ರಮ ಹಾಗೆ. ಗಂಡ ಹೆಂಡತಿ ಬೇರೆಯಾಗುವುದಾದರೆ ಇಬ್ಬರ ಕೈಗೂ ಒಂದೇ ಕಪ್ಪು ನೂಲು ಕಟ್ಟಿ, ಊರಿನ ಹಿರಿಯನಾದ ಗುರಿಕಾರ ಅದನ್ನು ನಡುವಿಗೆ ಕತ್ತರಿಸುತ್ತಾನೆ. ಒಬ್ಬರು ಬಾರದಿದ್ದರೆ ಅವರ ಬದಲಿಗೆ ಹಲಸಿನ ಮರ ನಿಲ್ಲುತ್ತದೆ. ಗುರಿಕಾರ ದೂಮಪ್ಪ ಮತ್ತೆ ಮತ್ತೆ ಹೇಳಿ ಕಳಿಸಿದ್ದರು. ಯೋಗೀಶ್ ಹೋಗಲಿಲ್ಲ. ಇಂಥದ್ದನ್ನೆಲ್ಲ ನಂಬುವವನಲ್ಲ ತಾನು ಎಂದು ಆ ದಿನ ಮಣಿಪಾಲದಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದ. ಸಂಜೆ ಕ್ಯಾಂಟೀನಿನಲ್ಲಿ ಗೆಳೆಯರನ್ನು ನಗಿಸಿದ: ನನ್ನ ಹೆಂಡತಿ ಇವತ್ತು ಒಂದು ಹಲಸಿನ ಮರವನ್ನು ಬಿಟ್ಟಳು.

ಆಮೇಲೆ, ನಂಬದ ಆ ಕ್ರಮವನ್ನೇ ನಂಬಿಕೊಂಡು ಹದಿನಾಲ್ಕು ವರ್ಷ ನಿಶ್ಚಿಂತೆಯಿಂದ ನಿದ್ದೆ ಮಾಡಿದ.

ಈಗ ವೆರೊನಿಕಾ. ಅದೇ ಕಾಲೇಜಿನ ಲೈಬ್ರರಿಯವಳು. ಮದುವೆಯ ನೋಟಿಸು ಕೊಡಲು ಇಬ್ಬರೂ ಉಡುಪಿಗೆ ಹೋಗಿದ್ದಾಗ ಗುಮಾಸ್ತ 'ವಿಚ್ಛೇದಿತ' ಎಂಬ ಶಬ್ದದ ಮೇಲೆ ಬೆರಳಿಟ್ಟು ತೀರ್ಪಿನ ಪ್ರತಿ ಕೇಳಿದ. ಯೋಗೀಶ್ ತಡವರಿಸಿದ. ವೆರೊನಿಕಾ ಅವನ ಮುಖವನ್ನೇ ನೋಡಿದಳು. ಹೊರಗೆ ಬಂದ ಮೇಲೆ ಹೇಳಿದ್ದು ಇಷ್ಟೇ: "ಇನ್ನೊಬ್ಬಳ ಗಂಡನ ಜೊತೆ ನಾನು ಎಲ್ಲಿಗೂ ಬರುವುದಿಲ್ಲ. ಕಾಗದ ಸಿಕ್ಕಿದ ಮೇಲೆ ಕರಿ."

"ಪದ್ಧತಿಯ ಬಿಡುಗಡೆಯನ್ನು ಕಾನೂನು ಒಪ್ಪುವುದೇ ಇಲ್ಲ ಅಂತ ಅಲ್ಲ ಸರ್," ರೂಪೇಶ್ ಹೇಳುತ್ತಿದ್ದ. "ಸಾಬೀತು ಮಾಡಬೇಕು. ಗುರಿಕಾರರು ಬಂದು ಹೇಳಬೇಕು. ವರ್ಷಗಟ್ಟಲೆ ಹೋಗ್ತದೆ. ಮರಕ್ಕಂತೂ ಸಮನ್ಸ್ ಕಳಿಸಲಿಕ್ಕೆ ಆಗುವುದಿಲ್ಲ." ತನ್ನ ತಮಾಷೆಗೆ ತಾನೇ ನಕ್ಕು, ಮೇಷ್ಟ್ರ ಮುಖ ನೋಡಿ ನಿಲ್ಲಿಸಿದ. "ಸುಲಭದ್ದು ಬೇಬಿಯಕ್ಕನ ಸಹಿ. ಇಬ್ಬರೂ ಸೇರಿ ಹೊಸದಾಗಿ ಅರ್ಜಿ ಹಾಕುವ. ಬರೆದೇ ಇಟ್ಟಿದ್ದೇನೆ. ಕೊಡ್ತಾರಲ್ಲ?"

"ಕೊಡ್ತಾಳೆ."

"ಇಲ್ಲದಿದ್ದರೆ ಗುರಿಕಾರರನ್ನು ಕಾಣಿ. ಮರದ ಹತ್ತಿರ ನಿಂತು ಒಂದು ಫೋಟೋ ತೆಗೆಯಿರಿ, ನೀವೂ ಕಾಣುವ ಹಾಗೆ. ದಾಖಲೆಗೆ ಇರಲಿ."

ಕಾಪುವಿನಲ್ಲಿ ದೀಪಸ್ತಂಭದ ಕಡೆ ಹೋಗುವ ರಸ್ತೆಯಲ್ಲಿ ಬೇಬಿಯ ಹೊಲಿಗೆ ಅಂಗಡಿ. ಸ್ಕೂಟರ್ ನಿಲ್ಲಿಸುವಾಗ ಅವನಿಗೆ ತಾನು ಅವಳನ್ನು ಏನೆಂದು ಕರೆಯುತ್ತಿದ್ದೆ ಎಂಬುದು ನೆನಪಾಗಲಿಲ್ಲ. ಮದುವೆಯಾದ ಮೇಲೆ ಊರಿನ ಮನೆಯಲ್ಲಿ ಅಮ್ಮನ ಹತ್ತಿರ ಅವಳನ್ನು ಬಿಟ್ಟು ಆದಿತ್ಯವಾರ ಆದಿತ್ಯವಾರ ಹೋಗುತ್ತಿದ್ದ. ಮತ್ತೆ ಹಬ್ಬಕ್ಕೆ ಮಾತ್ರ. ಮತ್ತೆ ಇಲ್ಲ. ಜಗಳ ಆಡಿದ ನೆನಪೂ ಇಲ್ಲ.

ಕೊರಳಲ್ಲಿ ಟೇಪು ಹಾಕಿಕೊಂಡು ಅವಳು ತಲೆಯೆತ್ತಿದಳು.

"ಬನ್ನಿ ಮಾಷ್ಟ್ರೆ. ಪ್ಯಾಂಟ್ ಹೊಲಿಯುವುದಿಲ್ಲ ನಾನು. ಹೆಂಗಸರದ್ದು ಮಾತ್ರ."

ಅವನು ಕಾಗದ ಚಾಚಿದ. ಅವಳು ಕೈಗೆ ಹತ್ತಿದ ನೂಲಿನ ಚೂರು ಕೊಡವಿ, ಬೆರಳಿಟ್ಟು ನಿಧಾನ ಓದಿದಳು.

"ಉಭಯ ಅರ್ಜಿದಾರರು ಇಂದಿನವರೆಗೂ ಪತಿ ಪತ್ನಿಯರಾಗಿದ್ದು... ಇಂದಿನವರೆಗೂ ಅಂದ್ರೆ ಎಂತ?"

"ಅದು ಕಾನೂನಿನ ಭಾಷೆ."

"ನಿನ್ನೆಯೂ ನಾನು ನಿಮ್ಮ ಹೆಂಡತಿ ಅಂತಲಾ?"

"ಕಾಗದದಲ್ಲಿ ಮಾತ್ರ."

"ಊರಿಡೀ ನೋಡ್ತಾ ಇತ್ತು ಮಾಷ್ಟ್ರೆ. ಮಕ್ಕಳು ನಗ್ತಾ ಇದ್ರು. ನಾನು ಮರದ ಎದುರು ಕೈ ಚಾಚಿ ನಿಂತಿದ್ದೆ. ಮಧ್ಯಾಹ್ನದ ಬಸ್ಸಿಗಾದರೂ ಬರಬಹುದು ಅಂತ ದೂಮಪ್ಪಜ್ಜ ಕಾದರು. ಬಸ್ಸು ಬಂತು, ಹೋಯ್ತು. ನೂಲು ಕತ್ತರಿಸಿದ ಮೇಲೆ ತಿರುಗಿ ನೋಡದೆ ಗದ್ದೆ ದಾಟಿದೆ. ನನ್ನದು ಅವತ್ತೇ ಮುಗೀತು. ಇದಕ್ಕೆ ಸಹಿ ಹಾಕಿದ್ರೆ ಅದು ಆಗಲೇ ಇಲ್ಲ ಅಂತ ನಾನೇ ಬರೆದುಕೊಟ್ಟ ಹಾಗೆ, ಅಲ್ವಾ?"

ಅವಳು ಸಿಟ್ಟಾಗುತ್ತಾಳೆಂದು ಅವನು ದಾರಿಯುದ್ದಕ್ಕೂ ತಯಾರಾಗಿ ಬಂದಿದ್ದ. ಅವಳಿಗೆ ಸಿಟ್ಟು ಇರಲಿಲ್ಲ. ಬ್ಲೌಸಿನ ಅಳತೆ ಹೇಳುವ ಧ್ವನಿ.

"ನನಗೆ ಮದುವೆ ಆಗಬೇಕು ಬೇಬಿ."

"ಆಗಿ. ಬೇಡ ಅಂತ ಹೇಳಲಿಕ್ಕೆ ನಾನು ನಿಮಗೆ ಯಾರು?"

ಕಾಗದವನ್ನು ಮಡಿಕೆ ತಪ್ಪದಂತೆ ಮಡಚಿ ಕೊಟ್ಟಳು. ಅವನು ರಸ್ತೆಗೆ ಇಳಿಯುವ ಮೊದಲೇ ಮಿಷನಿನ ಸದ್ದು ಶುರುವಾಯಿತು.

ಬೆಳ್ಮಣ್ಣಿನ ಹತ್ತಿರದ ಊರು ಮುಟ್ಟುವಾಗ ಬಿಸಿಲು ಓರೆಯಾಗಿತ್ತು. ದೂಮಪ್ಪ ಜಗಲಿಯಲ್ಲಿ ಕಾಲು ಚಾಚಿ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು.

"ಯಾರು?"

"ಯೋಗೀಶ್, ಅಜ್ಜ. ಬೇಬಿಯ..." ಮುಂದಿನ ಶಬ್ದ ಸಿಗಲಿಲ್ಲ.

"ಓ. ಆ ಬಸ್ಸು ಈಗ ಬಂತಾ?"

ಅವನು ವಿಷಯ ಹೇಳಿದ, ಮರದ ಫೋಟೋ ಬೇಕಾದದ್ದನ್ನೂ. ಮುದುಕ ಕೇಳಿಸಿಕೊಳ್ಳುತ್ತ ಎಲೆ ಮಡಚಿ ಬಾಯಿಗಿಟ್ಟರು.

"ಕೋರ್ಟಿಗೆ ಬಾ ಅಂದ್ರೆ ಬರುವ. ಎಬ್ಬಿಸಿ ಕರಕೊಂಡು ಹೋಗಬೇಕು ಅಷ್ಟೆ. ಆದರೆ ಮಗಾ, ಕಂಡದ್ದನ್ನೇ ಹೇಳುವುದು ನಾನು. ಬೇಬಿ ಮರವನ್ನು ಬಿಟ್ಟಳು. ಅದು ಕಂಡಿದ್ದೇನೆ. ನಿನ್ನನ್ನು ನಾನು ಅಲ್ಲಿ ಕಾಣಲಿಲ್ಲ."

"ಮರ ಅಂದ್ರೆ ನಾನೇ ಅಲ್ವಾ ಅಜ್ಜ?"

"ಅದನ್ನು ನೀನು ಹೇಳಬೇಕು. ನಿನಗೆ ಅದು ನಂಬಿಕೆ ಉಂಟಾ?"

ಯೋಗೀಶ್ ಸಹಿಯಿಲ್ಲದ ಕಾಗದವನ್ನು ಜೇಬಿನೊಳಗೆ ಇನ್ನಷ್ಟು ಒಳಕ್ಕೆ ತಳ್ಳಿದ.

"ನೋಡಿಕೊಂಡು ಬಾ. ಬೇಲಿಯಾಚೆ ಉಂಟು. ನೂಲು ಕೇಳಬೇಡ, ಅದನ್ನು ತೊಗಟೆ ನುಂಗಿದೆ. ಅದರ ಹಣ್ಣನ್ನು ನಾವು ಮುಟ್ಟುವುದಿಲ್ಲ. ಬಿಟ್ಟವನ ಮರ. ಆದರೂ ಹಟ ಹಿಡಿದ ಹಾಗೆ ಪ್ರತಿ ವರ್ಷ ಬಿಡ್ತದೆ."

ಬೇಲಿ ದಾಟಿದ. ಬುಡದಲ್ಲಿ ಒಡೆದ ಹಣ್ಣುಗಳು ಕೊಳೆಯುತ್ತಿದ್ದವು. ಸಿಹಿ ವಾಸನೆ ಗಂಟಲಿಗೆ ಇಳಿಯಿತು. ಅವನು ಹತ್ತಿರ ಬಂದರೂ ಹಣ್ಣಿಗೆ ಮುತ್ತಿದ್ದ ನೊಣ ಏಳಲಿಲ್ಲ. ಮರ ಅವನಂದುಕೊಂಡದ್ದಕ್ಕಿಂತ ದಪ್ಪ. ಕೈ ಚಾಚಿದರೆ ತಲುಪುವ ಎತ್ತರದಲ್ಲಿ ಕಾಂಡ ಊದಿ ಒಂದು ಗಂಟಾಗಿತ್ತು. ಅಲ್ಲೇ ಕಟ್ಟಿರಬೇಕು. ಮುಟ್ಟಲು ಹೋದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಮೊಬೈಲಿನಲ್ಲಿ ವೆರೊನಿಕಾಳ ಮೆಸೇಜು ಇತ್ತು. "ಸಿಕ್ಕಿತಾ?" ಅದನ್ನು ಹಾಗೇ ಬಿಟ್ಟು ಕ್ಯಾಮೆರಾ ತೆರೆದ. ಮರಕ್ಕೆ ಬೆನ್ನು ಮಾಡಿ ನಿಂತು ಕೈ ಮುಂದಕ್ಕೆ ಚಾಚಿದ.

ಮುಖ ಹುಡುಕುವ ಹಳದಿ ಚೌಕ ಪರದೆಯ ಮೇಲೆ ಮೂಡಿತು. ಅವನ ಕೆನ್ನೆಯ ಹತ್ತಿರ ಒಂದು ಕ್ಷಣ ತಡೆದು, ಭುಜ ದಾಟಿ, ಹಿಂದೆ ಬಿಸಿಲು ಬಿದ್ದಿದ್ದ ಮರದ ಗಂಟಿನ ಮೇಲೆ ಹೋಗಿ ಕೂತಿತು. ಅವನು ಎಡಕ್ಕೆ ಸರಿದ. ಬೆಳಕಿಗೆ ಬಂದ. ಕನ್ನಡಕ ತೆಗೆದ. ಸ್ವಲ್ಪ ನಕ್ಕೂ ನೋಡಿದ.

"ಬಂತಾ ಮಗಾ?" ಜಗಲಿಯಿಂದ ದೂಮಪ್ಪ ಕೂಗಿದರು.

ಚೌಕ ಕದಲಲಿಲ್ಲ.