ಎಡ ಅಂಚಿನ ಎರಡು ಸುತ್ತು

ಜೊಂಡಿನ ಚಾಪೆ ಹೆಣೆಯಲು ಇಬ್ಬರು ಬೇಕು. ಬಲಗಡೆ ಕೂತವರು ಜೊಂಡಿನ ಕಡ್ಡಿಯನ್ನು ಉದ್ದಕ್ಕೆ ಬಿಗಿದ ದಾರಗಳ ಹಾಸಿನೊಳಗೆ ತೂರಿಸಿ ಕೊಡಬೇಕು. ಎಡಗಡೆಯವರು ಅದನ್ನು ಎಳೆದುಕೊಂಡು, ಬೆರಳು ಒದ್ದೆ ಮಾಡಿಕೊಂಡು, ಅಂಚಿಗೆ ಸುತ್ತಿ ಕಟ್ಟಬೇಕು. ಒಣ ಕೈಯಲ್ಲಿ ಸುತ್ತಿದರೆ ಜೊಂಡು ಪಟ್ಟನೆ ಸೀಳುತ್ತದೆ. ಇಪ್ಪತ್ತಾರು ವರ್ಷ ಬಲಗಡೆ ತಂಗಿ, ಎಡಗಡೆ ಅಕ್ಕ. ತಂಗಿ ತನ್ನ ಅಂಚಿಗೆ ಒಂದು ಸುತ್ತು ಹಾಕಿದರೆ ಅಕ್ಕನದು ಎರಡು. "ನಿನ್ನ ಅಂಚೂ ನಿನ್ನ ಥರಾನೇ ಕಣೇ, ಯಾರು ಎಳೆದ್ರೂ ಹೋಗ್ಬಿಡುತ್ತೆ" ಎಂದು ಅಕ್ಕ ಛೇಡಿಸುತ್ತಿದ್ದಳು.

ಅಕ್ಕ ತೀರಿಹೋಗಿ ಹತ್ತು ತಿಂಗಳಾಗಿತ್ತು. ಅಂದಿನಿಂದ ತಂಗಿ ಇಟ್ಟಿಗೆ ಗೂಡಿನ ಕೆಲಸಕ್ಕೆ ಹೋಗುತ್ತಿದ್ದಳು. ಬೆರಳ ತುದಿ ದಪ್ಪಗಾಗಿ ಜೊಂಡಿನ ನಯವೇ ತಿಳಿಯದಂತಾಗುತ್ತಿತ್ತು. ಕಲಾವಿದರಿಗೆ ಧನಸಹಾಯ ಕೊಡುತ್ತಾರಂತೆ, ಒಂದು ವರ್ಷ ಕೂಲಿ ಬಿಟ್ಟು ಬರೀ ಹೆಣೆದುಕೊಂಡಿರಬಹುದು ಎಂದು ಕೇಳಿ ಬಂದು ಅರ್ಜಿ ತುಂಬಿದವನು ಭಾವ, ಅಕ್ಕನ ಗಂಡ. ಅದರ ಜೊತೆ ಕಳಿಸಿದ ಹತ್ತು ಫೋಟೋಗಳಲ್ಲೂ ಇಬ್ಬರು ಸೇರಿ ಹೆಣೆದ ಚಾಪೆಗಳೇ. ಹೆಸರು ಮಾತ್ರ ತಂಗಿಯದು.

"ಒಬ್ಬರಿಗೇ ಕೊಡೋದಂತೆ. ಅವಳ ಹೆಸರು ಬರೆದು ಏನ್ ಮಾಡ್ತೀಯ? ರುಜು ಹಾಕೋಕೆ ಎದ್ದು ಬರ್ತಾಳಾ?" ಎಂದಿದ್ದ ಭಾವ. ಅಂದವನು ತಾನೇ ಬೆಚ್ಚಿ ಬಾಗಿಲ ಕಡೆ ನೋಡಿದ್ದ.

ಧನಸಹಾಯದ ಕಚೇರಿಯ ಮೇಡಮ್ ಕೆಲಸವನ್ನು ಕಣ್ಣಾರೆ ನೋಡಲು ಬರುವ ಬೆಳಿಗ್ಗೆ ಅವನು ಅಕ್ಕನ ಮಣೆಯನ್ನೂ ನೀರಿನ ಬಟ್ಟಲನ್ನೂ ಎತ್ತಿ ಅಟ್ಟಕ್ಕೆ ಹಾಕಿದ. ಹತ್ತು ತಿಂಗಳಿಂದ ಅವನ್ನು ಯಾರೂ ಕದಲಿಸಿರಲಿಲ್ಲ. ಮಣೆಯಿದ್ದ ಜಾಗದಲ್ಲಿ ನೆಲ ಮಿರುಗುತ್ತಿತ್ತು. ತಂಗಿ ಅದನ್ನು ತುಳಿಯದೆ ಬಳಸಿಕೊಂಡು ಬಂದಳು.

"ಒಬ್ಬಳೇ ಎರಡೂ ಕಡೆ ಹೇಗೆ ಮಾಡ್ಲಿ ಭಾವ?"

"ಇಲ್ಲಿಂದ ತೂರಿಸು, ಎದ್ದು ಅಲ್ಲಿಗೆ ಹೋಗು, ಕಟ್ಟು. ನಿಮ್ಮಿಬ್ಬರ ಜಗಳ ಕೇಳೀ ಕೇಳೀ ನನಗೇ ಬರುತ್ತೆ ಈ ಕೆಲಸ."

ಮೇಡಮ್ ಒಳ್ಳೆಯವರು. ಕುರ್ಚಿ ಬೇಡವೆಂದು ನೆಲದ ಮೇಲೇ ಕೂತು ಕಾಗದ ಹರಡಿಕೊಂಡರು. "ಶುರು ಮಾಡಿಮ್ಮಾ, ನಾನು ಇಲ್ಲಿ ಇಲ್ಲವೇ ಇಲ್ಲ ಅಂದ್ಕೊಳ್ಳಿ."

ಮೊದಲ ಮೂರು ಕಡ್ಡಿಗೆ ತಂಗಿ ನೆನಪಿಟ್ಟುಕೊಂಡು ಎದ್ದುಹೋಗಿ ಎಡ ಅಂಚು ಕಟ್ಟಿದಳು. ಹೋಗುವಷ್ಟರಲ್ಲಿ ಬೆರಳು ಒಣಗಿ ಮೂರೂ ಸೀಳಿದವು. ನಾಲ್ಕನೆಯದಕ್ಕೆ ಕೈಗೆ ಹದ ಬಂತು. ಹದ ಬಂದದ್ದೇ ತಪ್ಪಾಯಿತು. ಕಣ್ಣು ಹಾಸಿನ ಮೇಲೆ ನೆಟ್ಟಿತ್ತು. ಹಳೆಯ ರೂಢಿಯಲ್ಲೇ ಕಡ್ಡಿಯನ್ನು ಎಡಕ್ಕೆ ತೂರಿಸಿ, ಈಚೆ ತುದಿಯನ್ನು ಸಡಿಲವಾಗಿ ಹಿಡಿದು ಕಾದಳು. ಆಚೆಯಿಂದ ಮೆಲ್ಲನೆ ಒಂದು ಎಳೆತ ಬಂತು. ಎಳೆತ ನಿಂತಾಗ ಇನ್ನೊಂದನ್ನು ಕೊಟ್ಟಳು. ಹೀಗೆ ಐದು. ಮತ್ತೊಂದನ್ನು ಕೈಗೆತ್ತಿಕೊಂಡಾಗ ಎಡಗಡೆ ಯಾರೂ ಇಲ್ಲವೆಂಬುದು ನೆನಪಾಗಿ ಕಡ್ಡಿಯನ್ನು ಕೆಳಗಿಟ್ಟಳು.

ಮೇಡಮ್ ತಲೆ ತಗ್ಗಿಸಿ ಬರೆಯುತ್ತಿದ್ದರು. ಭಾವ ಮಾತ್ರ ಗೋಡೆಗೆ ಬೆನ್ನೊತ್ತಿ ನಿಂತು ಎಡ ಅಂಚನ್ನೇ ನೋಡುತ್ತಿದ್ದ. ತಂಗಿ ತೆವಳಿಕೊಂಡು ಹೋಗಿ ಮುಟ್ಟಿದಳು. ಐದಕ್ಕೂ ಎರಡೆರಡು ಸುತ್ತು. ಒಂದೂ ಸೀಳಿರಲಿಲ್ಲ. ಎಲ್ಲವೂ ಒದ್ದೆ.

"ಚೆನ್ನಾಗಿದೆಯಮ್ಮಾ" ಎಂದರು ಮೇಡಮ್. "ಇಲ್ಲೊಂದು ರುಜು ಹಾಕಿ. ಕೆಲಸವೆಲ್ಲ ನಿಮ್ಮೊಬ್ಬರದೇ ಅಂತ. ಅಷ್ಟಾದ್ರೆ ನಿಮಗೆ ಸಿಕ್ಕ ಹಾಗೇ."

ತಂಗಿ ಪೆನ್ನು ಹಿಡಿದಳು. ಗೂಡಿನ ಕಾವು, ಕೆಂಪು ದೂಳು, ದಿನದಿನಕ್ಕೂ ಒರಟಾಗುತ್ತಿರುವ ಬೆರಳು ಕಣ್ಣ ಮುಂದೆ ಬಂದವು. ಹಾಕು ಅನ್ನಲಿ ಎಂದು ಭಾವನ ಮುಖ ನೋಡಿದಳು. ಅವನ ಕಣ್ಣು ಇನ್ನೂ ಎಡ ಅಂಚಿನ ಮೇಲೇ ಇತ್ತು.

"ಆಗಲ್ಲ ಮೇಡಮ್. ಎಡಗಡೇದು ನಮ್ಮಕ್ಕಂದು."

"ಅಕ್ಕ ಎಲ್ಲಿದ್ದಾರೆ?"

"ತೀರಿಕೊಂಡು ಹತ್ತು ತಿಂಗಳಾಯ್ತು."

ಮೇಡಮ್ ಒದ್ದೆ ಅಂಚಿನತ್ತ ನೋಡಿದರು. "ಇದು ಈಗ ತಾನೇ..." ಎಂದವರು ಕಾಗದಗಳನ್ನು ಚೀಲಕ್ಕೆ ತುರುಕಿಕೊಂಡರು. ಬಾಗಿಲಲ್ಲಿದ್ದ ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ಇಳಿದುಹೋದರು.

ಬಹಳ ಹೊತ್ತಿನ ಮೇಲೆ ಭಾವ ಅಟ್ಟದಿಂದ ಮಣೆ, ಬಟ್ಟಲು ಇಳಿಸಿ ಇದ್ದಲ್ಲೇ ಇಟ್ಟ. ಬಟ್ಟಲಿಗೆ ನೀರು ಹಾಕಿದ. "ನಾಳೆ ಗೂಡಿಗೆ ಬೇಗ ಹೋಗ್ಬೇಕಲ್ಲ, ಸಾಕು ಮಾಡು" ಎಂದ.

"ಈ ಸಾಲೊಂದು ಮುಗೀಲಿ" ಎಂದು ತಂಗಿ ಮತ್ತೊಂದು ಕಡ್ಡಿ ಎತ್ತಿಕೊಂಡು ಎಡಕ್ಕೆ ತೂರಿಸಿದಳು. "ಹಿಡಿ ಅಕ್ಕಾ" ಎಂದಳು.

ಭಾವ ಗೋಡೆ ಕಡೆ ತಿರುಗಿ ನಿಂತ.