ವಿಮಲಾಕ್ಷಿ ಸ್ಟಿಯರಿಂಗ್ ಹಿಡಿದ ಫೋಟೋ

ನಾನು ಒಂದು ಕ್ಯಾಮೆರಾ. ಸಮುದ್ರದಾಚೆಯ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ಕೈಗವಸು ತೊಟ್ಟ ಹೆಂಗಸರು ನನ್ನನ್ನು ಜೋಡಿಸಿ, ಒರೆಸಿ, ಡಬ್ಬದೊಳಗೆ ಮಲಗಿಸಿದರು. ನಾನು ಕಣ್ಣು ಬಿಟ್ಟದ್ದು ಮಾತ್ರ ನಂಜನಗೂಡಿನ ಕಲ್ಯಾಣಮಂಟಪದಲ್ಲಿ, ಧಾರೆ ಎರೆಯುವ ಹೊತ್ತಿಗೆ.

ನನ್ನ ಮೊದಲ ಯಜಮಾನ ಸ್ಟುಡಿಯೋ ಮಾದಪ್ಪ. ಒಳ್ಳೆಯ ಮನುಷ್ಯ, ಆದರೆ ಸದಾ ಅವಸರ. ನನ್ನ ತಲೆಯ ಮೇಲಿನ ಚಕ್ರವನ್ನು 'ಆಟೋ'ದಲ್ಲಿಟ್ಟವನು ಮತ್ತೆ ಅದನ್ನು ಮುಟ್ಟಲಿಲ್ಲ. ಬೆಳಕೆಷ್ಟು, ವೇಗವೆಷ್ಟು, ಎಲ್ಲ ನನ್ನ ತಲೆನೋವು. ಅವನು ಹೊಸ ಕ್ಯಾಮೆರಾ ಕೊಂಡಾಗ ನನ್ನನ್ನು ಮೈಸೂರಿನ ಶೇಷಗಿರಿಗೆ ಕೊಟ್ಟ. ಕೊಡುವ ಮುಂಚೆ ಮೆತ್ತನೆಯ ಬಟ್ಟೆಯಲ್ಲಿ ಒರೆಸಿದ. ಅಷ್ಟು ಮಾಡಿದ್ದಕ್ಕೆ ನಾನು ಅವನಿಗೆ ಋಣಿ.

ಶೇಷಗಿರಿ ಕಾಲೇಜು ಗ್ರಂಥಾಲಯದ ಗುಮಾಸ್ತ. ಕಾರೆಂದರೆ ಪ್ರಾಣ, ಓಡಿಸಲು ಮಾತ್ರ ಭಯ. ತಮಾಷೆಯೆಂದರೆ ಅವನ ಹೆಂಡತಿ ವಿಮಲಾಕ್ಷಿ ಡ್ರೈವಿಂಗ್ ಸ್ಕೂಲ್ ನಡೆಸುವವಳು. ಹಳೆಯ ಬಿಳಿ ಮಾರುತಿಯಲ್ಲಿ ಅರ್ಧ ಬಡಾವಣೆಗೆ ಕಾರು ಕಲಿಸಿದ ಆಕೆಗೆ, ಗಂಡನನ್ನು ಸ್ಟಿಯರಿಂಗ್ ಮುಂದೆ ಕೂರಿಸಲು ಆಗಲಿಲ್ಲ. ಅವನು ರಸ್ತೆ ಬದಿಯಲ್ಲಿ ನಿಂತ ಕಾರುಗಳ ಫೋಟೋ ತೆಗೆದು ಆಸೆ ತೀರಿಸಿಕೊಳ್ಳುತ್ತಿದ್ದ.

ಮೊದಮೊದಲು ಅವನದೂ ಆಟೋನೇ. ಬಿಳಿ ಕಾರು ಕಂಡರೆ ನಾನು ಬೆಳಕು ಜಾಸ್ತಿಯಾಯಿತೆಂದು ತಿಳಿದು ಅದನ್ನು ಬೂದಿ ಬಣ್ಣ ಮಾಡಿಬಿಡುತ್ತಿದ್ದೆ. ನನ್ನ ಬುದ್ಧಿ ಓಡುವುದೇ ಅಷ್ಟು. ಒಂದು ದಿನ ಅವನು ಚಕ್ರವನ್ನು 'ಎಂ'ಗೆ, ಅಂದರೆ ಮ್ಯಾನುಯಲ್‌ಗೆ ತಿರುಗಿಸಿ, "ಇನ್ನು ಮೇಲೆ ಎಲ್ಲ ನಾನೇ ನೋಡಿಕೊಳ್ತೀನಿ" ಎಂದ. ಅಷ್ಟು ವರ್ಷ ಒಬ್ಬನೇ ಹೊತ್ತಿದ್ದ ಭಾರಕ್ಕೆ ಯಾರೋ ಹೆಗಲು ಕೊಟ್ಟ ಹಾಗಾಯಿತು.

ನೋಡಿಕೊಳ್ಳಲು ಅವನಿಗೇನೂ ಬರುತ್ತಿರಲಿಲ್ಲ, ಅದು ಬೇರೆ ಮಾತು. ಆ ವರ್ಷದ ಆಯುಧಪೂಜೆಯಲ್ಲಿ ವಿಮಲಾಕ್ಷಿ ಕಾರಿಗೆ ಹಾರ ಹಾಕಿ, ನನ್ನನ್ನೂ ಮಣೆಯ ಮೇಲಿಟ್ಟು, ಭಕ್ತಿಯಿಂದ ಲೆನ್ಸಿನ ಗಾಜಿಗೇ ಗಂಧ ಹಚ್ಚಿದಳು. ಮಾರನೆಯ ದಿನ ಶೇಷಗಿರಿ ನನ್ನ ಮೈಯೆಲ್ಲ ಒರೆಸಿದ, ಗಾಜನ್ನು ಮರೆತ. ಬೆಳಕು ಬರುವ ಕಿಂಡಿಯನ್ನು ದೊಡ್ಡದು ಮಾಡಿದರೆ ಚಿತ್ರವೆಲ್ಲ ಮಂಕು, ಚಿಕ್ಕದು ಮಾಡಿದರೆ ನಡುವೆ ಮಚ್ಚೆ. ಪಾಪ, ತಪ್ಪು ತನ್ನದೇ ಎಂದುಕೊಂಡು ವಾರವಿಡೀ ಕಿಂಡಿಯನ್ನು ಹಿಗ್ಗಿಸಿದ, ಕುಗ್ಗಿಸಿದ. ಕೊನೆಗೆ ವಿಮಲಾಕ್ಷಿಯೇ ನೋಡಿ, "ರೀ, ನಾನಿಟ್ಟ ಗಂಧ ಇನ್ನೂ ಹಾಗೇ ಇದೆಯಲ್ಲ" ಎಂದಳು. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಆದರೆ ಆ ವಾರದಲ್ಲಿ ಕಿಂಡಿಯ ಮರ್ಮ ಅವನಿಗೆ ಚೆನ್ನಾಗಿ ತಿಳಿದುಹೋಗಿತ್ತು.

ಬೇಸಿಗೆಯಲ್ಲಿ ಕಾರಿನ ಆಯುಸ್ಸು ಮುಗಿಯಿತು. ಮತ್ತೆ ನೋಂದಣಿ ಆಗುವುದಿಲ್ಲವೆಂದರು. ಸೋಮವಾರ ಗುಜರಿಯವರು ಬರುವವರಿದ್ದರು. ಶನಿವಾರ ವಿಮಲಾಕ್ಷಿ ಹಳೆಯ ಫೋಟೋಗಳನ್ನು ಹರಡಿಕೊಂಡು ಕೂತಳು.

"ಎಲ್ಲದರಲ್ಲೂ ಕಲಿಯೋರೇ ಸ್ಟಿಯರಿಂಗ್ ಹಿಡಿದಿದ್ದಾರೆ. ನಾನು ಓಡಿಸ್ತಿರೋದು ಒಂದೂ ಇಲ್ಲವಲ್ಲ ರೀ," ಎಂದಳು. "ನಾಳೆ ಒಂದು ತೆಗೀರಿ. ಓಡ್ತಿರೋ ಹಾಗೇ ಕಾಣಬೇಕು."

ಅವಳು ಅವನಲ್ಲಿ ಏನನ್ನೂ ಕೇಳಿದವಳಲ್ಲ. ಶೇಷಗಿರಿ ಆ ರಾತ್ರಿಯೇ ನನ್ನ ಲೆನ್ಸಿನ ಗಾಜನ್ನು ಒರೆಸಿಟ್ಟ.

ಭಾನುವಾರ ಬೆಳಿಗ್ಗೆ ರಿಂಗ್ ರೋಡಿನ ಪಕ್ಕದ ಖಾಲಿ ರಸ್ತೆಗೆ ಹೋದೆವು. ಮೊದಲು ಅವನು ನನ್ನ ಶಟರಿನ ವೇಗವನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಟ್ಟ. ಚಿತ್ರ ಚೊಕ್ಕಟವಾಗಿ ಬಂತು, ಚಕ್ರಗಳೂ ಚೊಕ್ಕಟವಾಗಿ ನಿಂತೇಬಿಟ್ಟಿದ್ದವು. "ಇದು ಪಾರ್ಕ್ ಮಾಡಿದ ಹಾಗಿದೆ" ಎಂದಳು. ಮೂವತ್ತರಲ್ಲೊಂದು ಭಾಗಕ್ಕಿಳಿಸಿ, ಕಾರಿನ ಜೊತೆಗೇ ಮೈ ತಿರುಗಿಸುತ್ತ ತೆಗೆದ. ಈಗ ಕಾರೇ ಕಲಸಿದ ಹಿಟ್ಟು. ಮತ್ತೆ ಹೋದಳು, ಮತ್ತೆ ಬಂದಳು. ಮತ್ತೂ ಅದೇ. ಅವನ ಅಂಗೈ ಬೆವರಿ ನನ್ನ ಮೈ ಒದ್ದೆಯಾಯಿತು. "ನನ್ನ ಕೈಲಿ ಆಗಲ್ಲ ವಿಮಲಾ" ಎನ್ನುತ್ತ ಬೆರಳನ್ನು ಆಟೋ ಕಡೆ ಒಯ್ದ.

ಅವಳು ಕಾರು ನಿಲ್ಲಿಸಿ ಗಾಜಿಳಿಸಿದಳು.

"ಕನ್ನಡಿಯಲ್ಲಿ ನೋಡ್ತಿದ್ದೆ. ಚೆನ್ನಾಗೇ ತಿರುಗ್ತೀರಿ, ಬಟನ್ ಒತ್ತಿದ ತಕ್ಷಣ ಗಕ್ಕಂತ ನಿಂತುಬಿಡ್ತೀರಿ. ಹೊಸಬರೆಲ್ಲ ಹೀಗೇ, ಹೆದರಿ ಬ್ರೇಕ್ ಒತ್ತೋದು. ಒತ್ತಿದ ಮೇಲೂ ತಿರುಗ್ತಾನೇ ಇರಿ, ನಾನು ದೂರ ಹೋಗೋ ತನಕ."

"ಒತ್ತಿದಾಗ ಇದರೊಳಗೆ ಕತ್ತಲೆ ಆಗುತ್ತೆ ಕಣೆ. ಏನೂ ಕಾಣಲ್ಲ."

"ನಾನು ಅಲ್ಲೇ ಇರ್ತೀನಿ ರೀ. ಇನ್ನೊಂದೇ ಸಲ, ಪೆಟ್ರೋಲ್ ಮುಗೀತಾ ಬಂತು."

ಮಾರುತಿ ಬಂತು. ಅವನು ತಿರುಗಿದ, ಒತ್ತಿದ. ಅವನು ಕಣ್ಣಿಟ್ಟಿದ್ದ ಗಾಜು ಕಪ್ಪಾಯಿತು. ಆ ಕತ್ತಲಲ್ಲೂ ಅವನು ತಿರುಗುತ್ತಲೇ ಇದ್ದ. ನಾನು ಅವನ ಎದೆಬಡಿತದ ಜೊತೆ ತೇಲಿಕೊಂಡು ಹೋದೆ.

ಚಿತ್ರದಲ್ಲಿ ಮರಗಳೆಲ್ಲ ಹಸಿರು ಗೆರೆಗಳಾಗಿದ್ದವು. ಚಕ್ರಗಳು ಗಿರ್ರನೆ ತಿರುಗುತ್ತಿದ್ದವು. ಕಾರು ಅಚ್ಚ ಬಿಳಿ. ವಿಮಲಾಕ್ಷಿಯ ಮುಖದಲ್ಲಿ ಒಂದೊಂದು ಕೂದಲೂ ಕಾಣುತ್ತಿತ್ತು. ಇಂಥದ್ದೊಂದು ನನ್ನೊಳಗೆ ಇತ್ತೆಂದು ನನಗೇ ಗೊತ್ತಿರಲಿಲ್ಲ.

ಸೋಮವಾರ ಕಾರು ಹೋಯಿತು. ಅದಾದ ಮೇಲೂ ನಾವು ಬಹಳ ವರ್ಷ ಕಾರುಗಳ ಬೆನ್ನುಹತ್ತಿ ಅಲೆದೆವು. ಈಗ ನನ್ನ ಶಟರ್ ಸವೆದಿದೆ, ಬಿಡಿಭಾಗ ಸಿಗುವುದಿಲ್ಲವಂತೆ. ಡ್ರೈವಿಂಗ್ ಸ್ಕೂಲಿನ ಆಫೀಸಿನ ಕಪಾಟಿನಲ್ಲಿ ಕೂತಿದ್ದೇನೆ. ಎದುರು ಗೋಡೆಯ ಮೇಲೆ ಆ ಫೋಟೋ. ಮಾದಪ್ಪ ಎಲ್ಲ ಕೆಲಸವನ್ನೂ ನನ್ನಿಂದಲೇ ಮಾಡಿಸಿದ. ನನ್ನ ಜೊತೆ ತಾನೂ ಕಲಿತವನು ಶೇಷಗಿರಿಯೊಬ್ಬನೇ. ಅವನ ಕೈಗೆ ಬಿದ್ದದ್ದು ನನ್ನ ಪುಣ್ಯ.

ಆ ಫೋಟೋ ಮೊದಲ ಸಲ ಗೋಡೆಗೇರಿದ ದಿನ ವಿಮಲಾಕ್ಷಿ ಅದರ ಮುಂದೆ ಬಹಳ ಹೊತ್ತು ನಿಂತಿದ್ದಳು. ಜೀವಮಾನವೆಲ್ಲ ಕಲಿಯುವವರ ಎಡಗಡೆಯ ಸೀಟಿನಲ್ಲಿ ಕೂತು, ತನ್ನ ಕಡೆಯ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಬಂದವಳು ಆಕೆ.

"ರೀ, ನೋಡಿದ್ರಾ," ಎಂದಳು. "ಪಕ್ಕದ ಸೀಟು ಖಾಲಿ ಇದೆ."