ತಂತಿಯ ಕೆಳಗಿನ ಜೇಡಿಮಣ್ಣು

ಕಂಪ್ಯೂಟರ್ ತೆರೆಯ ಮೇಲಿನ ನಕ್ಷೆ ನೋಡುತ್ತ ಕೂತ ಭೂವಿಜ್ಞಾನಿ ಬೋಡಿಲಳ ಕಾಫಿ ಆರಿಹೋಯಿತು. ಜಟ್‌ಲ್ಯಾಂಡಿನ ಲಿಂಡ್‌ಕೇರ್ ಊರಿನ ಹೊಲಗಳ ಅಡಿಯಲ್ಲಿ ಜೇಡಿಮಣ್ಣಿನ ದಪ್ಪ ಪದರ ನೀಲಿ ಪಟ್ಟಿಯಾಗಿ ಓಡಿತ್ತು. ಓಡಲಿ ಪಾಪ, ಆದರೆ ವಿದ್ಯುತ್ ಕಂಬಗಳ ಸಾಲಿನ ಗುಂಟವೇ, ಗೆರೆ ಕೊಯ್ದ ಹಾಗೆ! ಹಿಮನದಿ ಬಿಟ್ಟುಹೋದ ಮಣ್ಣಿಗೆ ಕಂಬ ಎಲ್ಲಿ ನೆಡುತ್ತಾರೆಂದು ಮೊದಲೇ ಗೊತ್ತಿತ್ತೇ?

ತಪ್ಪು ಅವಳದೇ. ಊರಿನ ಹೊಸ ಬಾವಿಗೆ ಜಾಗ ಹುಡುಕಲು ಅವಳ ತಂಡದವರು ತಂತಿಸುರುಳಿಯನ್ನು ಹೊಲದ ಮೇಲೆ ಎಳೆದೊಯ್ದು, ನೆಲಕ್ಕೆ ವಿದ್ಯುತ್ತಿನ ಮಿಡಿತ ಕಳಿಸಿ, ನೆಲ ಕೊಟ್ಟ ಉತ್ತರವನ್ನು ಅಳೆದಿದ್ದರು. ಕಂಬದ ತಂತಿಯಲ್ಲಿ ಹರಿಯುವ ವಿದ್ಯುತ್ತಿನ ಗುಂಯ್ ಸದ್ದು ಸಾವಿರಾರು ಮಿಡಿತಗಳ ಸರಾಸರಿಯಲ್ಲಿ ಕರಗಿಹೋಗಿತ್ತು. ಅಂಕಿಗಳು ತೊಳೆದಿಟ್ಟ ಲೋಟದಂತಿದ್ದವು. ಅಷ್ಟಕ್ಕೇ ನಂಬಿಬಿಟ್ಟಿದ್ದಳು. ಆದರೆ ತಮ್ಮದೇ ಮಿಡಿತಕ್ಕೆ ಕಂಬದ ತಂತಿಯೂ ಓಗೊಡುತ್ತದೆ, ಪ್ರತಿ ಸಲವೂ ತಾಳ ತಪ್ಪದೆ. ಅದು ಸರಾಸರಿಗೆ ಬಗ್ಗುವುದಿಲ್ಲ, ಜೇಡಿಮಣ್ಣಿನ ವೇಷ ಹಾಕಿ ಕೂರುತ್ತದೆ. ಆ ಅಂಕಿಗಳನ್ನು ಕಿತ್ತೇ ಹಾಕಬೇಕು.

ಕಿತ್ತುಹಾಕಿದಳು. ಪಟ್ಟಿಯಿದ್ದಲ್ಲಿ ಬರೀ ಬಿಳಿ ಉಳಿಯಿತು. ಹೊಲದ ಗೊಬ್ಬರ ಕುಡಿಯುವ ನೀರಿಗೆ ಇಳಿಯದಂತೆ ತಡೆಯುವ ಜೇಡಿ ಇನ್ನು ಖಚಿತವಾಗಿ ಕಾಣುತ್ತಿದ್ದುದು ಒಂದೇ ಕಡೆ, ಸೋದರಮಾವ ಐನಾರನ ಕ್ರಿಸ್‌ಮಸ್ ಮರಗಳ ತೋಪಿನಡಿ. ಅತ್ತೆ ಕಾಯಿಲೆ ಬೀಳುವ ಮುಂಚೆ ಇಬ್ಬರೂ ಮಂಡಿಯೂರಿ ನೆಟ್ಟ ಸಸಿಗಳು, ಈಗ ಸೊಂಟದೆತ್ತರ. ಅಲ್ಲಿ ಬಾವಿ ಬಂದರೆ ಅವು ಹೋದಂತೆಯೇ. ಊರಿನ ನೀರಿನ ಸಂಘಕ್ಕೆ ಅಧ್ಯಕ್ಷನೂ ಅವನೇ. ಬೋಡಿಲ್ ಹೊಸ ನಕ್ಷೆಯನ್ನು ಮುದ್ರಿಸಿಕೊಂಡಳು.

ಸಂಜೆ ಸಭಾಭವನದಲ್ಲಿ ಪದರದ ಕೇಕು ಕತ್ತರಿಸಿಟ್ಟಿದ್ದರು. ಹೋದ ವಾರ ಬೋಡಿಲ್ ಕೊಟ್ಟ ನಕ್ಷೆ ನೋಡಿ, ಬಾವಿ ತಂತಿಯ ಕೆಳಗೇ ಎಂದು ಜನ ಮನಸ್ಸಿನಲ್ಲೇ ತೀರ್ಮಾನಿಸಿಕೊಂಡು ಬಂದಿದ್ದರು. ಮೊದಲ ನಕ್ಷೆ ತಪ್ಪು, ತಪ್ಪು ತನ್ನದು ಎಂದು ಬೋಡಿಲ್ ಎದ್ದು ಹೇಳಿದಳು. ಹೋದ ವಾರ ಇದ್ದ ಜೇಡಿಮಣ್ಣು ಈ ವಾರ ನೆಂಟರ ಮನೆಗೆ ಹೋಯಿತೇ ಎಂದು ಹಂದಿ ಸಾಕುವ ಪ್ರೆಬೆನ್ ಕಿಚಾಯಿಸಿದ. ಎಲ್ಲರೂ ನಕ್ಕರು. ಐನಾರ್ ನಗಲಿಲ್ಲ, ಹೊಸ ನಕ್ಷೆಯ ಮೇಲೆ ಬಗ್ಗಿದ.

"ಈ ಬಿಳೀ ಜಾಗದಲ್ಲಿ ಏನಿದೆಯಮ್ಮಾ?"

"ಗೊತ್ತಿಲ್ಲ ಮಾವ. ಅಲ್ಲಿ ನಮಗೆ ತಂತಿ ಮಾತಾಡಿದ್ದು ಕೇಳಿಸ್ತೇ ಹೊರತು ನೆಲದ್ದಲ್ಲ."

"ಮತ್ತೆ ಗೊತ್ತಿರೋ ಜಾಗ?"

ಅವಳು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದಳು. ಐನಾರ್ ಅಲ್ಲೇ ನೋಡುತ್ತ ನಿಂತ. ಅವನ ತಟ್ಟೆಯ ಕೇಕು ಹಾಗೇ ಇತ್ತು.

"ನಮ್ಮ ತೋಪು" ಎಂದ ಕೊನೆಗೆ. ಸಭೆಯ ಕಡೆ ತಿರುಗಿ, "ಮಕ್ಕಳು ಕುಡಿಯೋ ನೀರು. ಗೊತ್ತಿರೋ ಕಡೇನೇ ತೋಡೋಣ, ಬರ್ಕೊಳ್ಳಿ" ಎಂದ. ಪ್ರೆಬೆನ್ ತಲೆ ತಗ್ಗಿಸಿದ.

ಮರುದಿನ ಬೋಡಿಲ್ ತೋಪಿಗೆ ಹೋದಾಗ ಅವನಾಗಲೇ ಕಡಿಯಬೇಕಾದ ಮರಗಳಿಗೆ ಕೆಂಪು ಪಟ್ಟಿ ಕಟ್ಟುತ್ತಿದ್ದ. ಅವಳೂ ಒಂದಷ್ಟು ಪಟ್ಟಿ ತೆಗೆದುಕೊಂಡು ಪಕ್ಕದ ಸಾಲಿಗೆ ಇಳಿದಳು.

"ಬಿಗಿಯಾಗಿ ಕಟ್ಬೇಡ ಕಣೇ" ಎಂದ ಮಾವ. "ಎಳೇ ತೊಗಟೆ."